ತಕ್ಕಡಿಯ ಸಾಕ್ಷಿ

ನಮ್ಮ ರೈಲುನಿಲ್ದಾಣಗಳಲ್ಲಿ ಹಿಂದೆ ತೂಕದ ಯಂತ್ರವೊಂದು ನಿಂತಿರುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಬಣ್ಣಬಣ್ಣದ ದೀಪಗಳು, ಗಾಜಿನ ಹಿಂದೆ ಗಿರಿಗಿರಿ ತಿರುಗುವ ಚಕ್ರ. ಮೇಲೆ ನಿಂತು ನಾಣ್ಯ ಹಾಕಿದರೆ ಗಡಗಡ ಸದ್ದಾಗಿ ರಟ್ಟಿನ ಚೀಟಿಯೊಂದು ಕೆಳಗೆ ಬೀಳುತ್ತಿತ್ತು. ಚೀಟಿಯ ಒಂದು ಮಗ್ಗುಲಲ್ಲಿ ತೂಕ, ಇನ್ನೊಂದು ಮಗ್ಗುಲಲ್ಲಿ ಭವಿಷ್ಯ. ಭವಿಷ್ಯವನ್ನು ಓದಿ ನಗುತ್ತಿದ್ದೆವು. ತೂಕವನ್ನು ಓದಿ ನಂಬುತ್ತಿದ್ದೆವು. ಯಂತ್ರ ಹೇಳಿದ ತೂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಆ ತೂಕದ ಮೇಲೆ ನಾವು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದ ಆರೋಗ್ಯದ ಭವಿಷ್ಯವೊಂದಿತ್ತಲ್ಲ, ಅದು ಚೀಟಿಯ ಹಿಂಬದಿಯ ಭವಿಷ್ಯಕ್ಕಿಂತ ಹೆಚ್ಚು ಗಟ್ಟಿಯಾದದ್ದೇನೂ ಆಗಿರಲಿಲ್ಲ.

ಈ ಯಂತ್ರ ನೆನಪಿಗೆ ಬಂದದ್ದು ಹಳೆಯ ಹೊತ್ತಗೆಯೊಂದನ್ನು ಮೊನ್ನೆ ಮತ್ತೆ ಕೈಗೆತ್ತಿಕೊಂಡಾಗ. ಹೊತ್ತಗೆಯೆಂದರೂ ಹೆಚ್ಚೇ, ಒಂದು ಗಂಟೆಯೊಳಗೆ ಓದಿ ಮುಗಿಸಬಹುದಾದ ಪತ್ರ ಅದು. 'ಬೊಜ್ಜನ್ನು ಕುರಿತು ಸಾರ್ವಜನಿಕರಿಗೊಂದು ಪತ್ರ' ಎಂದು ಅದರ ಹೆಸರನ್ನು ಕನ್ನಡಿಸಬಹುದು. 1863ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬರೆದವರು ವಿಲಿಯಂ ಬ್ಯಾಂಟಿಂಗ್. ಇನ್ಸುಲಿನ್ನಿನ ಸಂಶೋಧನೆಯಿಂದ ಹೆಸರಾದ ಬ್ಯಾಂಟಿಂಗ್ ಬೇರೆ, ಇವರು ಬೇರೆ. ಇವರು ವೈದ್ಯರಲ್ಲ, ವಿಜ್ಞಾನಿಯಲ್ಲ, ಸಾಹಿತಿಯಂತೂ ಅಲ್ಲ. ಶವಸಂಸ್ಕಾರದ ಏರ್ಪಾಟು ಮಾಡುವ ಉದ್ಯೋಗದವರು. ಇಂಗ್ಲೆಂಡಿನ ಅರಸುಮನೆಯ ಶವಸಂಸ್ಕಾರಗಳ ಹೊಣೆಯನ್ನೂ ಹೊತ್ತಿದ್ದ ಮನೆತನ ಅವರದು. ಪರರ ಮೈಯಳತೆಗೆ ತಕ್ಕ ಪೆಟ್ಟಿಗೆ ಒದಗಿಸುತ್ತಿದ್ದ ಮನುಷ್ಯ ಕೊನೆಗೊಮ್ಮೆ ತಮ್ಮ ಮೈಯಳತೆಯನ್ನೇ ತೆಗೆದು ಲೋಕದ ಮುಂದಿಟ್ಟರು. ಪಥ್ಯದ ಪುಸ್ತಕಗಳಿಗೆ ಈಗ ಲೆಕ್ಕವಿಲ್ಲ. ಆ ವಂಶದ ಮೂಲಪುರುಷರಲ್ಲಿ ಇವರೊಬ್ಬರೆಂದರೆ ತಪ್ಪಾಗಲಾರದು. ಆದ್ದರಿಂದ ಈ ಪತ್ರದ ಗುಣದೋಷಗಳನ್ನು ವಿಚಾರಿಸಿದರೆ ಇಡೀ ವಂಶದ ಗುಣದೋಷಗಳನ್ನೇ ವಿಚಾರಿಸಿದಂತಾಗುತ್ತದೆ.

ಕಥೆ ಸರಳವಾದದ್ದು. ಬ್ಯಾಂಟಿಂಗರಿಗೆ ಆಗ 66ರ ಆಸುಪಾಸು. ಎತ್ತರ 5 ಅಡಿ 5 ಅಂಗುಲ. 1862ರ ಆಗಸ್ಟಿನಲ್ಲಿ ತೂಕ 202 ಪೌಂಡು, ಎಂದರೆ ಸುಮಾರು 92 ಕಿಲೋ. ಬೊಜ್ಜು ಇಳಿಸಲು ಅವರು ಮಾಡದ ಸಾಹಸವಿರಲಿಲ್ಲ. ಬೆಳಗಿನ ಜಾವ ದೋಣಿ ನಡೆಸಿದರು. ತೋಳಿಗೆ ಬಲ ಬಂತು, ಜೊತೆಗೆ ಹಸಿವೂ ಬಂತು, ತೂಕ ಮತ್ತಷ್ಟು ಏರಿತು. ಬಿಸಿಹಬೆಯ ಸ್ನಾನ, ಬುಗ್ಗೆಗಳ ನೀರು, ಬಗೆಬಗೆಯ ಔಷಧ, ಯಾವುದೂ ನಾಟಲಿಲ್ಲ. ಕೊನೆಗೆ ಕಿವಿ ಮಂದವಾಗತೊಡಗಿದ್ದರಿಂದ ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯರ ಬಳಿ ಹೋದರು. ಹಾರ್ವೆಯವರು ಪ್ಯಾರಿಸಿನಲ್ಲಿ ಕ್ಲಾಡ್ ಬರ್ನಾರ್ಡರ ಉಪನ್ಯಾಸ ಕೇಳಿ ಬಂದಿದ್ದವರು. ಪಿತ್ತಜನಕಾಂಗಕ್ಕೂ ಸಕ್ಕರೆಗೂ ಇರುವ ನಂಟಿನ ಬಗ್ಗೆ ಯೋಚಿಸುತ್ತಿದ್ದವರು. ಕಿವಿಯ ತೊಂದರೆಗೂ ಬೊಜ್ಜೇ ಕಾರಣವೆಂದು ಅವರು ಬಗೆದು, ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಇವುಗಳನ್ನು ಬಿಡಿಸಿದರು. ಮಾಂಸ, ಮೀನು, ತರಕಾರಿ, ಒಂದಿಷ್ಟು ಹಣ್ಣು ಇವುಗಳಿಗೆ ಅಡ್ಡಿಯಿಲ್ಲ. ದ್ರಾಕ್ಷಾರಸಕ್ಕಂತೂ ಧಾರಾಳವಾದ ಅಪ್ಪಣೆ. 1863ರ ಸೆಪ್ಟೆಂಬರ್ 12ರ ಹೊತ್ತಿಗೆ ತೂಕ 156 ಪೌಂಡಿಗೆ ಇಳಿಯಿತು. 46 ಪೌಂಡು ಕರಗಿತು. ನಡು 12 ಅಂಗುಲಕ್ಕೂ ಮಿಕ್ಕಿ ಕಿರಿದಾಯಿತು.

ಇಷ್ಟೇ ಆಗಿದ್ದರೆ ಇದು ಔಷಧಿಯಂಗಡಿಯ ಜಾಹೀರಾತಿನಂತೆ ಇರುತ್ತಿತ್ತು. ಹಾಗಾಗದೆ ಉಳಿಯುವುದು ಬರೆದವರ ಪ್ರಾಮಾಣಿಕತೆಯಿಂದ. ತಾನು ಹೊಟ್ಟೆಬಾಕನೆಂದೂ ಪಶ್ಚಾತ್ತಾಪದಿಂದ ಶುದ್ಧನಾದೆನೆಂದೂ ಅವರು ಕಥೆ ಕಟ್ಟುವುದಿಲ್ಲ. ದುಡಿದು, ಅಚ್ಚುಕಟ್ಟಾಗಿ ಬಾಳಿದ ತನಗೂ ಈ ಬೊಜ್ಜು ಏಕೆ ಬಂತೆಂದು ನಿಜವಾಗಿ ಬೆರಗಾಗುತ್ತಾರೆ. ಬಗ್ಗಿ ಬೂಟಿನ ದಾರ ಕಟ್ಟಲು ಆಗುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಮುಖವನ್ನು ಹಿಂದಕ್ಕೆ ಮಾಡಿ, ಮೆಲ್ಲಮೆಲ್ಲನೆ ಹಿಂಗಾಲಿನಲ್ಲಿ ಇಳಿಯಬೇಕಾಗುತ್ತಿತ್ತು. ಮಂಡಿಗೆ ಪಟ್ಟಿ ಬೇಕಾಗಿತ್ತು. ಗಾಡಿಯಲ್ಲಿ, ಬೀದಿಯಲ್ಲಿ, ಸಭೆಯಲ್ಲಿ ಜನ ಆಡುವ ಕೊಂಕು ಮಾತು ಮನಸ್ಸಿಗೆ ನಾಟುತ್ತಿತ್ತು. ಆದ್ದರಿಂದ ಜನ ಸೇರುವ ಕಡೆಗೆ ಹೋಗುವುದನ್ನೇ ಬಿಟ್ಟಿದ್ದರು. ತೂಕ ಇಳಿದ ಮೇಲೆ ಎಲ್ಲರಂತೆ ಮುಂದೆ ನೋಡಿಕೊಂಡು ಮೆಟ್ಟಿಲಿಳಿದರು, ಮಂಡಿಯ ಪಟ್ಟಿ ಬಿಚ್ಚಿದರು, ಕಿವಿ ಕೇಳಿಸತೊಡಗಿತು, ನಿದ್ದೆ ಬಂತು. ಅಲಂಕಾರವಿಲ್ಲದ ಈ ನಾಲ್ಕಾರು ವಾಕ್ಯಗಳಲ್ಲಿ ದೇಹವೆಂದರೆ ಏನು, ಆರೋಗ್ಯವೆಂದರೆ ಏನು ಎಂಬುದು ಎಷ್ಟು ಸ್ಪಷ್ಟವಾಗಿ ಮೂಡಿದೆಯೆಂಬುದನ್ನು ಒಪ್ಪಲೇಬೇಕು.

ಆದರೆ ಪುಸ್ತಕದೊಳಗೆ ಇನ್ನೊಂದು ವಸ್ತುವಿದೆ. ಅದು ತೂಕದ ಪಟ್ಟಿ. ಇಂಥ ದಿನ ಇಷ್ಟು ಪೌಂಡು, ಇಂಥ ದಿನ ಇಷ್ಟು ಎಂದು ಅಂಕಿಗಳು ಇಳಿಯುತ್ತ ಹೋಗುತ್ತವೆ. ಲೋಕ ಬೂಟಿನ ದಾರವನ್ನು ಮರೆತು ಪಟ್ಟಿಯನ್ನು ಎತ್ತಿಕೊಂಡಿತು. ವೈದ್ಯಲೋಕದಲ್ಲಿ ಕೆಲವರು ಕೊಂಕಾಡಿದರು, ಜನ ಕೈಬಿಡಲಿಲ್ಲ. ಮೊದಲು ಉಚಿತವಾಗಿ ಹಂಚಿದ ಪತ್ರ ಆಮೇಲೆ ಬೆಲೆಗೆ ಮಾರಾಟವಾಗಿ ಆವೃತ್ತಿಯ ಮೇಲೆ ಆವೃತ್ತಿ ಕಂಡಿತು. ಇಂಗ್ಲಿಷಿನಲ್ಲಿ ಅವರ ಹೆಸರೇ ಕ್ರಿಯಾಪದವಾಗಿ, ಪಥ್ಯ ಮಾಡುವುದಕ್ಕೆ 'ಬ್ಯಾಂಟ್' ಮಾಡುವುದೆಂದು ಹೆಸರಾಯಿತು. ಸ್ವೀಡಿಷ್ ಭಾಷೆಯಲ್ಲಿ 'ಬಾಂಟಾ' ಎಂಬ ಮಾತು ಅದೇ ಅರ್ಥದಲ್ಲಿ ಈಗಲೂ ಬಳಕೆಯಲ್ಲಿದೆ. ಮನುಷ್ಯನೊಬ್ಬ ಕ್ರಿಯಾಪದವಾಗುವುದು ಸಣ್ಣ ಕೀರ್ತಿಯಲ್ಲ. ಆದರೆ ಆ ಕ್ರಿಯಾಪದಕ್ಕೆ ಬಂದ ಅರ್ಥ ತೂಕ ಇಳಿಸುವುದೆಂದೇ ಹೊರತು, ಮೆಟ್ಟಿಲಿಳಿಯಲು ಶಕ್ತನಾಗುವುದೆಂದಲ್ಲ. ನನ್ನ ಮೊದಲ ಆಕ್ಷೇಪ ಇದು: ಈ ಪತ್ರದಲ್ಲಿ ಮಾತು ಒಂದನ್ನು ಹೇಳುತ್ತದೆ, ಪಟ್ಟಿ ಇನ್ನೊಂದನ್ನು ಹೇಳಿಬಿಡುತ್ತದೆ, ಗ್ರಂಥಕರ್ತರಿಗೂ ಕೊನೆಕೊನೆಗೆ ಪಟ್ಟಿಯ ಮೇಲೆಯೇ ಮೋಹ.

ಈ ಮೋಹ ಅವರೊಬ್ಬರದಲ್ಲ, ಕಾಲದ್ದು. ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ ಖಗೋಳಶಾಸ್ತ್ರಜ್ಞರು. ನಕ್ಷತ್ರಗಳ ಲೆಕ್ಕದಿಂದ ಮನುಷ್ಯರ ಲೆಕ್ಕಕ್ಕೆ ಇಳಿದವರು. ವಯಸ್ಕರ ತೂಕ ಅವರ ಎತ್ತರದ ವರ್ಗಕ್ಕೆ ಹೆಚ್ಚುಕಡಿಮೆ ಅನುಗುಣವಾಗಿರುತ್ತದೆಂದು 1830ರ ದಶಕದಲ್ಲೇ ಅವರು ಗುರುತಿಸಿದರು. ಅವರಿಗೆ ಬೇಕಾಗಿದ್ದುದು ಸರಾಸರಿ ಮನುಷ್ಯನ ಚಿತ್ರ, ರೋಗಿಯ ಪರೀಕ್ಷೆಯಲ್ಲ. ಮುಂದಿನ ಶತಮಾನದಲ್ಲಿ ಅಮೆರಿಕದ ಜೀವವಿಮಾ ಕಂಪೆನಿಗಳು ಎತ್ತರ ತೂಕಗಳ ಕೋಷ್ಟಕಗಳನ್ನು ಅಚ್ಚು ಹಾಕಿಸಿ ಆದರ್ಶ ತೂಕವೆಂಬುದನ್ನು ಮನೆಮನೆಯ ಮಾತಾಗಿಸಿದವು. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರು ಕೆಟ್ಲೆಯವರ ಸೂತ್ರಕ್ಕೆ ಈಗಿನ ಹೆಸರಿಟ್ಟರು. ಅದೇ ಇಂದು ಆಸ್ಪತ್ರೆಯ ಚೀಟಿಗಳಲ್ಲಿ ಕಾಣುವ ಬಿ.ಎಂ.ಐ. ಕಿಲೋಗಳ ತೂಕವನ್ನು ಮೀಟರುಗಳ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ. 25 ದಾಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು.

ಈ ಕೋಲಿನಿಂದ ಬ್ಯಾಂಟಿಂಗರನ್ನೇ ಅಳೆದು ನೋಡಿದೆ. ಮೊದಲಿನ ಬ್ಯಾಂಟಿಂಗರು ಸುಮಾರು 34. ಸರಿ, ಬೊಜ್ಜಿನ ವರ್ಗವೇ. ಆದರೆ ಕಿವಿ ಕೇಳಿ, ನಿದ್ದೆ ಬಂದು, ಹರ್ಷದಿಂದ ಮೆಟ್ಟಿಲಿಳಿದ, 156 ಪೌಂಡಿನ ಬ್ಯಾಂಟಿಂಗರು ಸುಮಾರು 26! ಎಂದರೆ ಇಂದಿನ ಕೋಷ್ಟಕದ ಪ್ರಕಾರ ಆಗಲೂ ಅವರು ಅಧಿಕ ತೂಕದವರೇ. ಆತ 1878ರವರೆಗೆ ಬಾಳಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಬ್ಬರ ಆಯುಸ್ಸಿನಿಂದ ಸಿದ್ಧಾಂತ ಕಟ್ಟುವ ತಪ್ಪನ್ನು ನಾನು ಮಾಡಲಾರೆ. ಆದರೂ, ಪಥ್ಯಪುಸ್ತಕಗಳ ಮೂಲಪುರುಷರೇ ತಮ್ಮ ವಿಜಯದ ದಿನ ಇಂದಿನ ಪರೀಕ್ಷೆಯಲ್ಲಿ ನಪಾಸಾಗುತ್ತಿದ್ದರೆಂಬುದು ಯೋಚಿಸತಕ್ಕ ಮಾತು.

ಎರಡನೆಯ ಆಕ್ಷೇಪ ಇದಕ್ಕಿಂತ ದೊಡ್ಡದು. ಬ್ಯಾಂಟಿಂಗರ ಪತ್ರದಲ್ಲಿ ತೆಳ್ಳಗಿನವರಿಗೆ ಜಾಗವೇ ಇಲ್ಲ. ತಕ್ಕಡಿಗೆ ಎರಡು ತಟ್ಟೆಗಳಿರುತ್ತವೆ. ಅವರು ಒಂದನ್ನಷ್ಟೇ ನೋಡಿದರು. ಅವರ ವಂಶದ ಪುಸ್ತಕಗಳೂ ಅಷ್ಟೆ. ತೆಳ್ಳಗಿರುವುದೇ ಗುರಿ, ಅದನ್ನು ಮುಟ್ಟಿದ ಮೇಲೆ ಕಥೆ ಮುಗಿಯಿತು. ಈ ಮೌನದ ಬೆಲೆಯನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ನನ್ನ ಅಣ್ಣ ಕಡ್ಡಿಯಂಥ ಆಳು. ನಿಲ್ದಾಣದ ಯಂತ್ರ ಕಂಡಲ್ಲೆಲ್ಲ ಹತ್ತಿ ಚೀಟಿ ಪಡೆಯುವುದು ಅವನ ಚಟ. ಅದರಲ್ಲಿ 52 ಕಿಲೋ ಬಿಟ್ಟು ಬೇರೆ ಅಂಕಿ ಬಂದದ್ದನ್ನು ನಾನು ಕಾಣೆ. ಅತ್ತಿಗೆಯದು ತುಂಬಿದ ಮೈ. ಅಣ್ಣ ಚೀಟಿಯನ್ನು ಅವರ ಮುಂದೆ ಹಿಡಿದು ಹಾಸ್ಯ ಮಾಡುತ್ತಿದ್ದ, ನಾವೂ ನಗುತ್ತಿದ್ದೆವು. ವೈದ್ಯರ ಬಳಿ ಹೋದಾಗಲೆಲ್ಲ ಅತ್ತಿಗೆಯ ರಕ್ತದ ಪರೀಕ್ಷೆಯಾಗುತ್ತಿತ್ತು, ಅಣ್ಣನದು ಆಗುತ್ತಿರಲಿಲ್ಲ. ಅಷ್ಟು ತೆಳ್ಳಗಿನವನಿಗೆ ಏನು ಬಂದೀತು? 56ರ ವಯಸ್ಸಿನಲ್ಲಿ ಚಪ್ಪಲಿ ಕಚ್ಚಿದ ಗಾಯ ಮಾಯದೆ ಹೋಯಿತು. ಆಗ ನೋಡಿದರೆ ಸಕ್ಕರೆ ಕಾಯಿಲೆ ಒಳಗೆ ಕುಳಿತು ಎಷ್ಟೋ ವರ್ಷಗಳಾಗಿದ್ದವು. ಮೊದಲು ಕಾಲ್ಬೆರಳು ಹೋಯಿತು, ಆಮೇಲೆ ಪಾದ. ಎರಡು ವರ್ಷ ಕಳೆಯುವುದರೊಳಗೆ ಹೃದಯ ನಿಂತಿತು.

ಅವನದು ವಿಚಿತ್ರವಾದ ಒಂಟಿ ಪ್ರಕರಣವೆಂದು ಬಹಳ ದಿನ ತಿಳಿದಿದ್ದೆ. ಹಾಗಲ್ಲವೆಂಬುದನ್ನು ಆಮೇಲೆ ಓದಿ ತಿಳಿದೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಎಂಬ ವೈದ್ಯರು ಇಂಗ್ಲೆಂಡಿನ ಜಾನ್ ಯುಡ್ಕಿನ್ ಎಂಬ ಮತ್ತೊಬ್ಬ ವೈದ್ಯರ ಜೊತೆ ನಿಂತು ತೆಗೆಸಿಕೊಂಡ ಚಿತ್ರವೊಂದು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಬ್ಬರ ಬಿ.ಎಂ.ಐ.ಯೂ 22.3, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2. ತೆಳ್ಳಗೆ ಕಾಣುವ ಭಾರತೀಯನೊಳಗೆ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬೂ ಹೊಟ್ಟೆಯೊಳಗೆ, ಪಿತ್ತಜನಕಾಂಗದ ಸುತ್ತ ಸೇರುವ ಜಾತಿಯದು. ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಮಾಂಸಖಂಡ ಸೊರಗಿ, ಇನ್ಸುಲಿನ್ನಿನ ಕೆಲಸ ಕೆಡಿಸುವ ಕೊಬ್ಬು ಬೆಳೆದರೆ, ತಕ್ಕಡಿ ಏರದಿದ್ದರೂ ಕಾಯಿಲೆ ಏರುತ್ತದೆ. ಏಷ್ಯಾದವರ ವಿಷಯದಲ್ಲಿ 23ರಿಂದಲೇ ಎಚ್ಚರ ವಹಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆ ಅದೇ ವರ್ಷ ಸೂಚಿಸಿತು.

ಇದರ ಬೇರು ಇನ್ನೂ ಆಳಕ್ಕೆ ಹೋಗುತ್ತದೆಂಬುದಕ್ಕೆ ಸಾಕ್ಷಿ ನಮ್ಮ ಮೈಸೂರಿನಲ್ಲೇ ಇತ್ತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆಯೆನ್ನುವ ಆ ಕಡೆ, 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟ ದಫ್ತರಗಳಿದ್ದವು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು 1996ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲೇ, ಅದರಲ್ಲೂ 45 ದಾಟಿದವರಲ್ಲಿ, ಹೃದ್ರೋಗ ಹೆಚ್ಚಾಗಿ ಕಂಡುಬಂತು. ತಾಯಿಯ ಹೊಟ್ಟೆಯಲ್ಲಿ ಅರೆಹೊಟ್ಟೆಯಿದ್ದ ಕೂಸಿನ ಲೆಕ್ಕ ಐವತ್ತು ವರ್ಷದ ಮೇಲೆ ತೀರುತ್ತದೆಯೆಂದಾಯಿತು. ಯಾವುದೋ ದಾದಿ ಯಾವುದೋ ಬೆಳಗಿನಲ್ಲಿ ಬರೆದಿಟ್ಟ ಆ ಅಂಕಿಗಳು ಬ್ಯಾಂಟಿಂಗರ ಪಟ್ಟಿಗಿಂತ ದೊಡ್ಡ ಸಾಹಿತ್ಯವೆಂದು ನನಗೆ ತೋರುತ್ತದೆ. ತೂಕವನ್ನು ಒಂದು ದಿನದ ತೀರ್ಪಾಗಿ ಓದದೆ, ಒಂದು ಬಾಳಿನ ಕಥೆಯ ಮೊದಲ ವಾಕ್ಯವಾಗಿ ಓದಲು ಅವು ಕಲಿಸುತ್ತವೆ.

ಇನ್ನೊಂದು ತಟ್ಟೆಯ ಮಾತನ್ನೂ ಹೇಳಬೇಕು. ತೂಕ ಏರುವುದೇ ಔಷಧವಾಗುವ ಬಡತನವೂ ನಮ್ಮಲ್ಲಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ಕ್ಷಯರೋಗಿಗಳಿಗೂ ಅವರ ಮನೆಯವರಿಗೂ ಆಹಾರಧಾನ್ಯ ಒದಗಿಸಿ ನೋಡಿದರು. ಮನೆಯವರಿಗೆ ರೋಗ ತಗಲುವುದು ಸುಮಾರು ಶೇಕಡ 40ರಷ್ಟು ತಗ್ಗಿತೆಂದೂ, ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಕಡಿಮೆಯಾಯಿತೆಂದೂ 2023ರಲ್ಲಿ ಪ್ರಕಟವಾದ ಅವರ ವರದಿಗಳು ತಿಳಿಸುತ್ತವೆ. ದಿನಕ್ಕೆ ಮೂರು ಹೊತ್ತು ಮಾಂಸ ಮೀನು ತೂಗಿ ತಿನ್ನಬಲ್ಲ ಲಂಡನ್ನಿನ ಸಂಪನ್ನ ಗೃಹಸ್ಥರ ಪತ್ರ ಈ ಮನೆಗಳಿಗೆ ಏನನ್ನು ಹೇಳೀತು? ತನಗೆ ಒಗ್ಗಿದ್ದು ಸಾರ್ವಜನಿಕರಿಗೆಲ್ಲ ಒಗ್ಗುವುದೆಂಬ ನಂಬಿಕೆ ಆ ಶೀರ್ಷಿಕೆಯಲ್ಲೇ ಇದೆ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ನಮ್ಮ ಗಾದೆ ಇದಕ್ಕಿಂತ ಜಾಣತನದ್ದು. ಯಾವ ಊಟವೆಂದು ಅದು ಪಟ್ಟಿ ಕೊಡುವುದಿಲ್ಲ, ಬಲ್ಲವನಾಗು ಎನ್ನುತ್ತದೆ.

ಹಾಗಾದರೆ ದಪ್ಪವಿದ್ದರೂ ಚಿಂತೆಯಿಲ್ಲವೆ? ಹಾಗೆ ಹೇಳಿದರೆ ನಾನು ಓದುಗರಿಗೆ ದ್ರೋಹ ಮಾಡಿದಂತೆ. ಹೆಚ್ಚಿದ ಬೊಜ್ಜು ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮಂಡಿಯ ಸವೆತ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕೆಲವು ಬಗೆಯ ಕ್ಯಾನ್ಸರು ಇವುಗಳಿಗೆ ದಾರಿಯೆಂಬುದರಲ್ಲಿ ಸಂಶಯವಿಲ್ಲ. 2013ರಲ್ಲಿ ಅಮೆರಿಕದ ಕ್ಯಾಥರೀನ್ ಫ್ಲೆಗಲ್ ಮತ್ತು ಸಂಗಡಿಗರು 97 ಅಧ್ಯಯನಗಳನ್ನು ಒಟ್ಟುಗೂಡಿಸಿ, 25ರಿಂದ 30ರ ಒಳಗಿನವರಲ್ಲಿ ಸಾವಿನ ಪ್ರಮಾಣ ಸ್ವಲ್ಪ ಕಡಿಮೆಯೇ ಎಂದಾಗ ಹಲವರು ಹಿಗ್ಗಿದರು. ಆದರೆ ಬೀಡಿ ಸಿಗರೇಟು ಸೇದುವವನೂ ತೆಳ್ಳಗಿರುತ್ತಾನೆ, ಒಳಗೆ ರೋಗ ಕೊರೆಯುತ್ತಿರುವವನೂ ತೆಳ್ಳಗಾಗುತ್ತಾನೆ. ಅಂಥವರನ್ನು ಬೇರ್ಪಡಿಸಿ, ಒಂದು ಕೋಟಿಗೂ ಮಿಕ್ಕ ಜನರ ಲೆಕ್ಕಗಳನ್ನು ಒಟ್ಟುಗೂಡಿಸಿದ 2016ರ ಅಧ್ಯಯನದಲ್ಲಿ, 20ರಿಂದ 25ರ ಒಳಗಿನವರಲ್ಲೇ ಸಾವು ಕಡಿಮೆಯೆಂದು ಕಂಡಿತು. ಅಂಕಿಯೊಂದನ್ನು ಓದುವುದೂ ಪದ್ಯವೊಂದನ್ನು ಓದಿದಂತೆಯೇ. ಸಂದರ್ಭ ಬಿಟ್ಟರೆ ಅರ್ಥ ತಲೆಕೆಳಗಾಗುತ್ತದೆ. ತಕ್ಕಡಿಯನ್ನು ಕಿಟಕಿಯಿಂದಾಚೆ ಎಸೆಯಿರೆಂದು ನಾನು ಹೇಳುತ್ತಿಲ್ಲ. ಅದು ಸಾಕ್ಷಿ, ಸಾಕ್ಷಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಬಾರದೆನ್ನುತ್ತೇನೆ, ಅಷ್ಟೆ.

ಹಾಗೆ ಕೂರಿಸಿದ್ದರಿಂದ ಕೆಟ್ಟದ್ದು ಅಣ್ಣನ ಬಾಳೊಂದೇ ಅಲ್ಲ. ಅತ್ತಿಗೆಗೆ ಒಮ್ಮೆ ಏದುಸಿರು ಹತ್ತಿತು. ಒಬ್ಬ ವೈದ್ಯರು ಅವರನ್ನು ಮುಟ್ಟಿಯೂ ನೋಡದೆ ತೂಕ ಇಳಿಸಿರೆಂದರು. ಇನ್ನೊಬ್ಬರೂ ಅದನ್ನೇ ಅಂದರು. ಅತ್ತಿಗೆ ರಾತ್ರಿಯೂಟ ಬಿಟ್ಟರು. ಉಸಿರು ಮತ್ತಷ್ಟು ಕಟ್ಟಿತು. ಮೂರನೆಯವರು ಕಣ್ಣರೆಪ್ಪೆ ಮಗುಚಿ ನೋಡಿದರು. ರಕ್ತಹೀನತೆ. ದಪ್ಪಗಿದ್ದವರಿಗೆ ರಕ್ತ ಕಡಿಮೆಯಿದ್ದೀತೆಂದು ಮೊದಲಿಬ್ಬರಿಗೆ ಹೊಳೆಯಲೇ ಇಲ್ಲ. ಹೀಗೆ ಒಂದೇ ಮನೆಯಲ್ಲಿ, ಒಂದೇ ತಕ್ಕಡಿ, ಒಬ್ಬರಿಗೆ ಇಲ್ಲದ ಧೈರ್ಯ ಹೇಳಿತು, ಇನ್ನೊಬ್ಬರಿಗೆ ಇದ್ದ ರೋಗವನ್ನು ಮುಚ್ಚಿತು. ಇಲ್ಲಿ ಬ್ಯಾಂಟಿಂಗರನ್ನು ಮೆಚ್ಚಲೇಬೇಕು. ಬೀದಿಯ ಕೊಂಕುಮಾತೂ ಕಾಯಿಲೆಯ ಒಂದು ಭಾಗವೆಂದು ಅವರು ಅಂದೇ ಬರೆದರು. ನಾಚಿಕೊಂಡವನು ವೈದ್ಯರ ಬಾಗಿಲಿಗೆ ಹೋಗುವುದನ್ನೇ ಬಿಡುತ್ತಾನೆ. ಅವರ ನಂತರದ ಪಥ್ಯಪುಸ್ತಕಗಳಲ್ಲಿ ಎಷ್ಟೋ ಈ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವು.

ಸಂತೋಷದ ಸಂಗತಿಯೆಂದರೆ ಲೋಕ ನಿಧಾನವಾಗಿ ಬೂಟಿನ ದಾರದ ಕಡೆಗೆ ಹಿಂದಿರುಗುತ್ತಿದೆ. ಬೊಜ್ಜನ್ನು ಬಿ.ಎಂ.ಐ. ಒಂದರಿಂದಲೇ ನಿರ್ಣಯಿಸಬಾರದೆಂದು 2025ರ ಜನವರಿಯಲ್ಲಿ 'ಲ್ಯಾನ್ಸೆಟ್' ಬಳಗದ ತಜ್ಞರ ಆಯೋಗವೊಂದು ಹೇಳಿತು. ನಡುವಿನ ಸುತ್ತಳತೆಯನ್ನೋ ಮೈಯ ಕೊಬ್ಬನ್ನೋ ಅಳೆಯಬೇಕು. ಅವಯವಗಳ ಕೆಲಸ ಕೆಟ್ಟಿದೆಯೆ, ದಿನದಿನದ ಕೆಲಸಕ್ಕೆ ತೊಡಕಾಗಿದೆಯೆ ಎಂಬುದನ್ನು ನೋಡಿ ಆಮೇಲೆ ಅದನ್ನು ರೋಗವೆನ್ನಬೇಕು. ಮೆಟ್ಟಿಲಿಳಿಯಲಾರದ ಬ್ಯಾಂಟಿಂಗರು ಅಂದು ಹೇಳಿದ್ದೂ ಇದೇ ತಾನೆ? ನಮ್ಮವರಲ್ಲಿ ಗಂಡಸಿನ ನಡು 90 ಸೆಂಟಿಮೀಟರು, ಹೆಂಗಸಿನದು 80 ದಾಟಿದರೆ ಎಚ್ಚರ ಬೇಕೆನ್ನುತ್ತಾರೆ. ದರ್ಜಿಯ ಟೇಪಿನಿಂದ ಆಗುವ ಕೆಲಸ ಇದು. ಅದರ ಜೊತೆಗೆ ರಕ್ತದ ಸಕ್ಕರೆ, ಒತ್ತಡ, ನಡೆಯುವ ಶಕ್ತಿ, ನಿದ್ದೆ ಇವನ್ನೂ ಕೇಳಿ ತಿಳಿದರೆ, ತೂಕದ ಅಂಕಿಗೆ ಅರ್ಥ ಬಂದೀತು.

ಒಟ್ಟಿನಲ್ಲಿ ಬ್ಯಾಂಟಿಂಗರ ಪತ್ರ ಓದತಕ್ಕದ್ದು. ಅವರ ಪಥ್ಯವನ್ನು ಹಿಡಿಯುವುದಕ್ಕಲ್ಲ. ತನ್ನ ಮೈಯನ್ನು ತಾನು ನಾಚದೆ, ಹೊಗಳದೆ, ಬೈಯದೆ ನೋಡಿಕೊಳ್ಳುವುದು ಹೇಗೆಂದು ಕಲಿಯುವುದಕ್ಕೆ. ಕೊನೆಯ ಪಟ್ಟಿಯನ್ನು ಬೇಕಾದರೆ ಬಿಡಬಹುದು.

ಅಣ್ಣ ಹೋದ ಮೇಲೆ ಅವನ ಟ್ರಂಕಿನಲ್ಲಿ ಆ ಚೀಟಿಗಳ ಕಟ್ಟೊಂದು ಸಿಕ್ಕಿತು. ರಬ್ಬರು ಹಾಕಿ ಜೋಡಿಸಿಟ್ಟಿದ್ದ. ಎಲ್ಲದರಲ್ಲೂ ಅದೇ 52. ಹಿಂಬದಿಯ ಭವಿಷ್ಯ ಮಾತ್ರ ಒಂದೊಂದರಲ್ಲಿ ಒಂದೊಂದು. ಬಹುಮಟ್ಟಿಗೆ ಎಲ್ಲವೂ ದೀರ್ಘಾಯುಸ್ಸಿನ ಮಾತೇ. ಅತ್ತಿಗೆಗೆ ಈಗ 78. ಮಂಡಿ ನೋಯುತ್ತದೆ, ಆದರೂ ಹಿಟ್ಟಿನ ಗಿರಣಿಗೆ ತಾವೇ ನಡೆದುಹೋಗುತ್ತಾರೆ. ಆ ಕಟ್ಟನ್ನು ಏನು ಮಾಡಲೆಂದು ಕೇಳಿದೆ. ಒಲೆಗೆ ಹಾಕು ಎಂದರು. ನನಗೆ ಮನಸ್ಸು ಬರಲಿಲ್ಲ, ಇಟ್ಟುಕೊಂಡಿದ್ದೇನೆ.